ತಳವಿಲ್ಲದ ಲೋಟ: ಭಾನುವಾರದ ಬ್ರಂಚಿನಲ್ಲಿ ಕೂತವರು ಮತ್ತು ನಿಂತವರು

ಬೆಂಗಳೂರಿನ ದೊಡ್ಡ ಹೋಟೆಲು, ಪಬ್ಬುಗಳ ಮುಂದಿನ ಫಲಕಗಳಲ್ಲಿ ಈಗ ಮೂರು ಪದಗಳು ಒಟ್ಟಿಗೇ ಕಾಣುತ್ತವೆ: ಬಾಟಮ್‌ಲೆಸ್, ಬ್ರಂಚ್, ಲೈವ್ ಮ್ಯೂಸಿಕ್. ಭಾನುವಾರ ಮಧ್ಯಾಹ್ನ ಒಂದಿಷ್ಟು ದುಡ್ಡು ಕಟ್ಟಿ ಒಳಗೆ ಹೋದರೆ ನಿಗದಿಯಾದ ಎರಡು ಮೂರು ತಾಸು ಬೇಕಾದಷ್ಟು ತಿನ್ನಬಹುದು, ಕುಡಿಯಬಹುದು, ಮೂಲೆಯಲ್ಲಿ ಒಬ್ಬರೋ ಇಬ್ಬರೋ ಹಾಡುವುದನ್ನು ಕೇಳಬಹುದು. ಲೋಟ ಖಾಲಿಯಾದಂತೆಲ್ಲ ತುಂಬಿಸುತ್ತಾರೆ. ಅದಕ್ಕೇ 'ತಳವಿಲ್ಲದ' ಲೋಟ ಎಂಬ ಹೆಸರು.

ಇದು ಉಳ್ಳವರ ಶೋಕಿ, ನಮಗೇನು ಸಂಬಂಧ ಎಂದು ಪುಟ ತಿರುವಬಹುದು. ಆದರೆ ಈ ಮೂರೂ ಪದಗಳ ಬೇರು ಹುಡುಕುತ್ತ ಹೋದರೆ ಸಿಗುವವರು ಉಳ್ಳವರಲ್ಲ. ಬೆಳಗಿನ ಜಾವ ಎದ್ದು ಮಾಂಸ ಕಡಿಯುತ್ತಿದ್ದ ಕೂಲಿಗಳು ಸಿಗುತ್ತಾರೆ. ವಾರದಲ್ಲಿ ಒಂದೇ ದಿನ ಮೈದಾನದಲ್ಲಿ ಸೇರಲು ಅಪ್ಪಣೆ ಪಡೆದಿದ್ದ ಗುಲಾಮರು ಸಿಗುತ್ತಾರೆ. ದುಡಿಯುವವರ ಊಟ ಮತ್ತು ಹಾಡು ಬಿಡುವಿರುವವರ ಮೇಜಿಗೆ ಬಂದು ಕೂತದ್ದು ಹೇಗೆ ಎಂಬುದೇ ಬ್ರಂಚಿನ ಚರಿತ್ರೆ.

ಹೆಸರು ಇಟ್ಟವನು

'ಬ್ರಂಚ್' ಎಂಬ ಪದ ಅಚ್ಚಿನಲ್ಲಿ ಕಂಡದ್ದು 1895ರಲ್ಲಿ, ಇಂಗ್ಲೆಂಡಿನ 'ಹಂಟರ್ಸ್ ವೀಕ್ಲಿ' ಎಂಬ ಪತ್ರಿಕೆಯಲ್ಲಿ. ಬರೆದವನು ಗೈ ಬೆರಿಂಜರ್. ಬ್ರೇಕ್‌ಫಾಸ್ಟ್ ಮತ್ತು ಲಂಚ್ ಎರಡನ್ನೂ ಕೂಡಿಸಿ ಅವನು ಹೊಸ ಹೊತ್ತೂಟವೊಂದಕ್ಕೆ ವಕಾಲತ್ತು ಮಾಡಿದ್ದ. ಭಾನುವಾರ ಚರ್ಚಿನಿಂದ ಬಂದು ಭಾರಿ ಊಟ ಮಾಡುವ ಕಷ್ಟ ಯಾಕೆ, ತಡವಾಗಿ ಎದ್ದು ಮಧ್ಯಾಹ್ನದ ಹೊತ್ತಿಗೆ ಚಹಾದಿಂದ ಶುರುಮಾಡಿ ನಿಧಾನವಾಗಿ ಗಟ್ಟಿ ತಿನಿಸಿಗೆ ಹೋಗೋಣ ಎಂಬುದು ಅವನ ವಾದ. ಶನಿವಾರ ರಾತ್ರಿ ಕುಡಿದು ತಡವಾಗಿ ಮನೆಗೆ ಬಂದವರಿಗೆ ಇದರಿಂದ ಅನುಕೂಲ ಎಂದೂ ಹೇಳಿದ್ದ. ಚಹಾ ಕಾಫಿಯ ಬದಲು ಬಿಯರು, ವಿಸ್ಕಿ ಇದ್ದರೂ ಆದೀತು ಎಂಬ ಸಲಹೆಯೂ ಅದರಲ್ಲಿತ್ತು. ಮರುವರ್ಷವೇ 'ಪಂಚ್' ಎಂಬ ಹಾಸ್ಯಪತ್ರಿಕೆ ಈ ಪದವನ್ನು ಎತ್ತಿಕೊಂಡು ತಮಾಷೆ ಮಾಡಿತು: ಬೆಳಗಿನ ತಿಂಡಿಗೆ ಹತ್ತಿರವಾದರೆ ಅದು 'ಬ್ರಂಚ್', ಮಧ್ಯಾಹ್ನದ ಊಟಕ್ಕೆ ಹತ್ತಿರವಾದರೆ 'ಬ್ಲಂಚ್' ಎಂದು.

ಚರ್ಚಿಗೆ ಹೋಗದೆ ತಡವಾಗಿ ಏಳಬಲ್ಲವನಿಗೆ ಅಡುಗೆ ಮಾಡಿಡಲು ಆಳಿರುತ್ತಾನೆ. ಆ ಆಳು ಎಷ್ಟು ಹೊತ್ತಿಗೆ ಏಳಬೇಕು ಎಂಬ ಪ್ರಶ್ನೆ ಬೆರಿಂಜರನ ಲೇಖನದ ವ್ಯಾಪ್ತಿಯಲ್ಲಿರಲಿಲ್ಲ. ಆದರೆ ಹೆಸರು ಹುಟ್ಟುವ ಮೊದಲೇ ಈ ಊಟ ಇತ್ತು. ಅದನ್ನು ಉಣ್ಣುತ್ತಿದ್ದವರು ತಡವಾಗಿ ಏಳುವವರಾಗಿರಲಿಲ್ಲ.

ಎರಡನೆಯ ತಿಂಡಿ

ಅಮೆರಿಕದ ದಕ್ಷಿಣದಲ್ಲಿ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ನ್ಯೂ ಆರ್ಲಿಯನ್ಸ್ ಎಂಬ ಬಂದರು ನಗರವಿದೆ. ಅಲ್ಲಿನ ಫ್ರೆಂಚ್ ಮಾರ್ಕೆಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಊರಿಗೆಲ್ಲ ಮಾಂಸ, ಮೀನು, ತರಕಾರಿ ಒದಗಿಸುತ್ತಿತ್ತು. ಮಾಂಸದ ಅಂಗಡಿಯವರು ಕತ್ತಲಿರುವಾಗಲೇ ಕೆಲಸ ಶುರುಮಾಡುತ್ತಿದ್ದರು. ಬೆಳಿಗ್ಗೆ ಒಂದು ಕಾಫಿ, ಒಂದು ತುಣುಕು ಬ್ರೆಡ್ಡು, ಅಷ್ಟೇ. ಹನ್ನೊಂದರ ಸುಮಾರಿಗೆ ವ್ಯಾಪಾರ ಮುಗಿದಾಗ ಹೊಟ್ಟೆಯಲ್ಲಿ ಬೆಂಕಿ.

ಅಲ್ಲಿಗೆ 1853ರಲ್ಲಿ ಜರ್ಮನಿಯ ಬವೇರಿಯಾದಿಂದ ಎಲಿಜಬೆತ್ ಕೆಟ್ಟೆನ್‌ರಿಂಗ್ ಎಂಬ ಹೆಣ್ಣುಮಗಳು ಬಂದಳು. ಅವಳ ಅಣ್ಣ ಅದೇ ಮಾರುಕಟ್ಟೆಯಲ್ಲಿ ಮಾಂಸ ಮಾರುತ್ತಿದ್ದ. ಅವಳು ಮದುವೆಯಾದ ಲೂಯಿ ದ್ಯುತ್ರೆಯೂ ಅದೇ ಕಸುಬಿನವನು. ಇಬ್ಬರೂ ಸೇರಿ 1863ರಲ್ಲಿ ಮಾರುಕಟ್ಟೆಯ ಎದುರಿಗೇ ಒಂದು ಕಾಫಿ ಅಂಗಡಿ ತೆರೆದರು. ಗಂಡ ತೀರಿಕೊಂಡ ಮೇಲೆ ಅವಳು ಇಪೊಲಿತ್ ಬೆಗೆ ಎಂಬವನನ್ನು ಮದುವೆಯಾದಳು. ಅಂಗಡಿಗೂ ಅವಳಿಗೂ 'ಮದಾಮ್ ಬೆಗೆ' ಎಂಬ ಹೆಸರೇ ನಿಂತಿತು. ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿ ಬಡಿಸುತ್ತಿದ್ದ 'ಎರಡನೆಯ ತಿಂಡಿ'ಯಲ್ಲಿ ಆಮ್ಲೆಟ್ಟು, ಈರುಳ್ಳಿ ಹಾಕಿ ಹುರಿದ ಕರುವಿನ ಲಿವರು, ಮೀನು, ಬ್ರೆಡ್ಡು, ವೈನು, ಕೊನೆಗೆ ಕಾಫಿ ಇರುತ್ತಿದ್ದವು. ತಾಸುಗಟ್ಟಲೆ ನಡೆಯುತ್ತಿದ್ದ ಊಟ ಅದು.

ಇದನ್ನು ಓದುವಾಗ ನಮ್ಮ ಹೊಲದ ನೆನಪಾಗದೆ ಇರದು. ಉತ್ತರ ಕರ್ನಾಟಕದಲ್ಲಿ ಇದಕ್ಕೆ 'ನ್ಯಾರಿ' ಎನ್ನುತ್ತಾರೆ. ನಸುಕಿನಲ್ಲಿ ಹೊಲಕ್ಕೆ ಹೋದವರಿಗೆ ಮನೆಯಿಂದ ತಲೆಯ ಮೇಲೆ ಬುತ್ತಿ ಬರುವ ಹೊತ್ತು. ರೊಟ್ಟಿ, ಪಲ್ಯ, ಹಿಂಡಿ, ಮೊಸರು ಎಲ್ಲ ಅದರಲ್ಲಿರುತ್ತದೆ. ಅದು ತಿಂಡಿಯೂ ಅಲ್ಲ, ಮಧ್ಯಾಹ್ನದ ಊಟವೂ ಅಲ್ಲ. ಗಡಿಯಾರ ಅಲ್ಲ, ಕೆಲಸ ಅದರ ಹೊತ್ತನ್ನು ಗೊತ್ತುಮಾಡುತ್ತದೆ. ಮದಾಮ್ ಬೆಗೆ ಬಡಿಸುತ್ತಿದ್ದುದು ಮಾರುಕಟ್ಟೆ ಕೂಲಿಗಳ ನ್ಯಾರಿಯನ್ನು.

ಆಮೇಲೆ 1884ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹತ್ತಿಯ ವಿಶ್ವ ಪ್ರದರ್ಶನ ಶುರುವಾಯಿತು. ದೂರದೂರದಿಂದ ಬಂದ ಪ್ರವಾಸಿಗಳಿಗೆ ಈ ಅಂಗಡಿ ಒಂದು ಸೋಜಿಗವಾಯಿತು. ಮಾಂಸದವರು ಕೂರುತ್ತಿದ್ದ ಬೆಂಚಿನ ಮೇಲೆ ಕೋಟು ಟೋಪಿಯವರು ಕೂತರು. ಮುಂಗಡ ಹೇಳಿಡದೆ ಜಾಗ ಸಿಗದಂತಾಯಿತು. 1900ರಲ್ಲಿ ಅವಳ ಅಡುಗೆಯ ಪುಸ್ತಕವೂ ಬಂತು. ಅದನ್ನು ಹೊರತಂದದ್ದು ಒಂದು ರೈಲ್ವೆ ಕಂಪನಿ, ತನ್ನ ರೈಲಿಗೆ ಪ್ರಯಾಣಿಕರು ಬರಲಿ ಎಂದು. ಕೂಲಿಗಳ ಊಟ ಪ್ರವಾಸೋದ್ಯಮದ ಸರಕಾಯಿತು. 1906ರಲ್ಲಿ ಮದಾಮ್ ಬೆಗೆ ತೀರಿಕೊಂಡಳು.

ಭಾನುವಾರದ ಮೈದಾನ

ಇನ್ನು ಸಂಗೀತ. ಅದಕ್ಕೂ ಇದೇ ಊರು, ಇದೇ ಭಾನುವಾರ.

ಲೂಸಿಯಾನ ಫ್ರೆಂಚರ ವಸಾಹತಾಗಿದ್ದಾಗ, 1724ರಲ್ಲಿ ಅಲ್ಲಿಗೆ ಅನ್ವಯಿಸಿದ ಗುಲಾಮರ ಕಾನೂನು ಕ್ರೂರವಾದದ್ದು. ಓಡಿಹೋದವನ ಕಿವಿ ಕತ್ತರಿಸಲು ಅದರಲ್ಲಿ ಅವಕಾಶವಿತ್ತು. ಆದರೆ ಭಾನುವಾರ ಕ್ರೈಸ್ತರ ಪವಿತ್ರ ದಿನವಾದ್ದರಿಂದ ಗುಲಾಮರಿಂದ ಕೆಲಸ ಮಾಡಿಸಬಾರದು ಎಂಬ ನಿಯಮವೂ ಅದರಲ್ಲೇ ಇತ್ತು. ಗುಲಾಮರು ಆ ಒಂದು ದಿನವನ್ನು ಬಿಗಿಯಾಗಿ ಹಿಡಿದುಕೊಂಡರು. ತಾವು ಬೆಳೆದ ತರಕಾರಿ ಮಾರಿದರು, ಸೇರಿ ಹಾಡಿದರು, ಡೋಲು ಬಾರಿಸಿ ಕುಣಿದರು. 1817ರಲ್ಲಿ ನಗರಾಡಳಿತ ಗುಲಾಮರು ಎಲ್ಲೆಂದರಲ್ಲಿ ಸೇರಬಾರದು, ಭಾನುವಾರ ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಸೇರಬೇಕು ಎಂದು ಆಜ್ಞೆ ಹೊರಡಿಸಿತು. ಊರಿನ ಹಿಂದಿದ್ದ ಆ ಬಯಲೇ ಮುಂದೆ 'ಕಾಂಗೋ ಸ್ಕ್ವೇರ್' ಎಂದು ಹೆಸರಾಯಿತು. ಆಫ್ರಿಕಾದ ತಾಳಗಳು ಅಮೆರಿಕದ ನೆಲದಲ್ಲಿ ಬಹಿರಂಗವಾಗಿ ಉಳಿದುಕೊಂಡ ಅಪರೂಪದ ಜಾಗ ಅದು. ಜಾಝ್ ಸಂಗೀತದ ಚರಿತ್ರೆ ಬರೆಯುವವರು ಈ ಬಯಲನ್ನು ದಾಟಿ ಹೋಗುವುದಿಲ್ಲ.

ಗುಲಾಮಗಿರಿ ಹೋಯಿತು, ಬೇರೆ ಬೇರೆ ಕೂರಿಸುವ ಕಾನೂನು ಬಂತು. ಕರಿಯರು ಅಡುಗೆಮನೆಯಲ್ಲಿ ಬೇಯಿಸಬಹುದು, ಹಜಾರದಲ್ಲಿ ಬಡಿಸಬಹುದು, ವೇದಿಕೆಯಲ್ಲಿ ತುತ್ತೂರಿ ಊದಬಹುದು, ಬಿಳಿಯರ ಹೋಟೆಲಿನ ಮೇಜಿಗೆ ಮಾತ್ರ ಕೂರುವಂತಿಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್ 1901ರಲ್ಲಿ ಅದೇ ಊರಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಗಾಡಿಯಲ್ಲಿ ಕಲ್ಲಿದ್ದಲು ಮಾರುವ ಕೆಲಸ ಮಾಡಿ, ಜಗತ್ತೇ ತಿರುಗಿ ನೋಡುವ ಸಂಗೀತಗಾರನಾದ. 1956ರಲ್ಲಿ ಲೂಸಿಯಾನ ರಾಜ್ಯ ಕರಿಯರು ಬಿಳಿಯರು ಒಂದೇ ತಂಡದಲ್ಲಿ ನುಡಿಸುವುದನ್ನು ನಿಷೇಧಿಸಿತು. ಆರ್ಮ್‌ಸ್ಟ್ರಾಂಗ್‌ನ ತಂಡದಲ್ಲಿ ಇಬ್ಬರೂ ಇದ್ದರು. ಅವನು ಹುಟ್ಟೂರಿನಲ್ಲಿ ನುಡಿಸುವುದನ್ನೇ ಬಿಟ್ಟ. ಮತ್ತೆ ಅಲ್ಲಿ ನುಡಿಸಿದ್ದು ನಾಗರಿಕ ಹಕ್ಕುಗಳ ಕಾಯಿದೆ ಬಂದ ಮರುವರ್ಷ, 1965ರಲ್ಲಿ.

ಅದೇ ಊರಿನಲ್ಲಿ ಲಿಯಾ ಚೇಸ್ ಎಂಬ ಕರಿಯ ಹೆಣ್ಣುಮಗಳು ಗಂಡನ ಮನೆಯವರ 'ಡೂಕಿ ಚೇಸ್' ಹೋಟೆಲನ್ನು ನಡೆಸುತ್ತಿದ್ದಳು. ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ಉಣ್ಣುವುದೇ ಕಾನೂನಿಗೆ ವಿರುದ್ಧವಾಗಿದ್ದಾಗ ಹಕ್ಕುಗಳ ಹೋರಾಟಗಾರರು ಅವಳ ಹೋಟೆಲಿನ ಮಹಡಿಯಲ್ಲಿ ಸಭೆ ಸೇರುತ್ತಿದ್ದರು. ಸಹಪಂಕ್ತಿ ಭೋಜನದ ಬೆಲೆ ಏನೆಂದು ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಊಟಕ್ಕೆ ಹಾಡು ಕೂಡಿದ್ದು

ಮದಾಮ್ ಬೆಗೆಯ ಎರಡನೆಯ ತಿಂಡಿಯನ್ನು ಇಪ್ಪತ್ತನೆಯ ಶತಮಾನಕ್ಕೆ ತಂದವರು ನ್ಯೂ ಆರ್ಲಿಯನ್ಸ್‌ನ ಬ್ರೆನನ್ ಕುಟುಂಬದವರು. ಐರಿಷ್ ಮೂಲದ ಈ ಕುಟುಂಬದ ಓವನ್ ಬ್ರೆನನ್ 1946ರಲ್ಲಿ ಹೋಟೆಲು ತೆರೆದ. ಆ ಊರಿನ ಇನ್ನೊಂದು ಪ್ರಸಿದ್ಧ ಹೋಟೆಲಿನ ಹೆಸರು ಹೊತ್ತ 'ಡಿನ್ನರ್ ಅಟ್ ಆಂಟ್ವಾನ್ಸ್' ಎಂಬ ಕಾದಂಬರಿ 1948ರಲ್ಲಿ ಭಾರಿ ಮಾರಾಟವಾಯಿತು. ಅದಕ್ಕೆ ಎದುರಾಗಿ ಬ್ರೆನನ್ನರು 'ಬ್ರೆನನ್ಸ್‌ನಲ್ಲಿ ಬ್ರೇಕ್‌ಫಾಸ್ಟ್' ಎಂಬ ಘೋಷಣೆ ಹೊರಡಿಸಿದರು. ಬೆಳಿಗ್ಗೆಯೇ ಮದ್ಯ, ಮೊಟ್ಟೆಯ ಬಗೆಬಗೆಯ ಅಡುಗೆ, ಕೊನೆಯಲ್ಲಿ ಬಾಳೆಹಣ್ಣಿಗೆ ಬೆಣ್ಣೆ ಸಕ್ಕರೆ ಹಾಕಿ ರಮ್ಮು ಸುರಿದು ಬೆಂಕಿ ಹಚ್ಚಿ ಕೊಡುವ 'ಬನಾನಾಸ್ ಫಾಸ್ಟರ್'. ಈ ಸಿಹಿ 1951ರದ್ದು. ಬಾಳೆಹಣ್ಣೇ ಯಾಕೆ ಎಂದರೆ, ಆ ಬಂದರಿಗೆ ಮಧ್ಯ ಅಮೆರಿಕದಿಂದ ಹಡಗುಗಟ್ಟಲೆ ಬಾಳೆಹಣ್ಣು ಬಂದಿಳಿಯುತ್ತಿತ್ತು.

ಮುಂದೆ ಕುಟುಂಬ ಒಡೆಯಿತು. ಓವನ್‌ನ ತಂಗಿ ಎಲಾ ಬ್ರೆನನ್ ಮತ್ತು ಅವಳ ಒಡಹುಟ್ಟಿದವರು 1970ರ ದಶಕದಲ್ಲಿ ನೀಲಿ ಬಿಳಿ ಪಟ್ಟೆಯ ಹಳೆಯ ಮನೆಯೊಂದರಲ್ಲಿದ್ದ 'ಕಮಾಂಡರ್ಸ್ ಪ್ಯಾಲೆಸ್' ಹೋಟೆಲಿನ ಆಡಳಿತ ಹಿಡಿದರು. ಎಲಾಳ ತಮ್ಮ ಡಿಕ್ ಬ್ರೆನನ್ ಲಂಡನ್ನಿಗೆ ಹೋಗಿದ್ದಾಗ ಅಲ್ಲಿ ಬ್ರಂಚಿನ ಜತೆ ಜಾಝ್ ಇರುವುದನ್ನು ಕಂಡು, ನಮ್ಮೂರಿನ ಸಂಗೀತ ನಮ್ಮ ಹೋಟೆಲಿನಲ್ಲೇ ಇಲ್ಲವಲ್ಲ ಎಂದು ಆ ಯೋಚನೆ ತಂದ ಎಂಬುದು ಆ ಕುಟುಂಬ ಹೇಳುತ್ತ ಬಂದ ಕತೆ. ಹೀಗೆ 'ಜಾಝ್ ಬ್ರಂಚ್' ಶುರುವಾಯಿತು. ಮೂವರ ತಂಡ ವೇದಿಕೆ ಹತ್ತದೆ ಮೇಜಿನಿಂದ ಮೇಜಿಗೆ ನಡೆಯುತ್ತ ನುಡಿಸುತ್ತದೆ. ಕೇಳಿದ ಹಾಡು ನುಡಿಸಿದರೆ ಟಿಪ್ಸ್. ಕೆಲವೇ ವರ್ಷಗಳಲ್ಲಿ ಅಮೆರಿಕದ ಊರೂರಿನ ಹೋಟೆಲುಗಳು ಇದನ್ನು ನಕಲು ಮಾಡಿದವು.

ಇದನ್ನು ಬರೀ ಕಳ್ಳತನ ಎಂದು ತೀರ್ಪು ಕೊಡುವುದು ಸುಲಭ. ಆದರೆ ವಾದ್ಯಗಾರರ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಶನಿವಾರ ರಾತ್ರಿ ಕ್ಲಬ್ಬಿನಲ್ಲಿ ನುಡಿಸಿದವನಿಗೆ ಭಾನುವಾರ ಹಗಲು ಇನ್ನೊಂದು ಕೂಲಿ ಸಿಕ್ಕಿತು. ಅದು ಪ್ರತಿ ವಾರ ತಪ್ಪದೆ ಬರುವ ಕೂಲಿ. ಹಳೆಯ ಜಾಝ್ ಬಲ್ಲ ಮುದುಕರಿಗೆ ಹೊಸ ಪಾಪ್ ಸಂಗೀತದ ಕಾಲದಲ್ಲೂ ಕೆಲಸ ಉಳಿಯಿತು. ಆದರೆ ಬೆಲೆಯೂ ಇತ್ತು. ಮೇಜಿನವರು ಮಾತಾಡುತ್ತಿರುವಾಗ ಅವರ ಮಾತಿಗೆ ಅಡ್ಡಿಯಾಗದಷ್ಟು ಮೆಲ್ಲಗೆ, ಅವರಿಗೆ ಗೊತ್ತಿರುವ ಹಾಡನ್ನೇ ಮತ್ತೆ ಮತ್ತೆ ನುಡಿಸಬೇಕು. ಕಾಂಗೋ ಸ್ಕ್ವೇರಿನಲ್ಲಿ ತಮಗಾಗಿ ಬಾರಿಸಿದ ಡೋಲು ಇಲ್ಲಿ ಚಮಚದ ಸದ್ದಿನ ಹಿನ್ನೆಲೆಯಾಯಿತು.

ಲೋಟದ ತಳ ಕಳಚಿದ್ದು

'ಬಾಟಮ್‌ಲೆಸ್' ಎಂಬ ಮಾತು ಮೊದಲು ಅಂಟಿಕೊಂಡದ್ದು ಮದ್ಯಕ್ಕಲ್ಲ, ಕಾಫಿಗೆ. ಅಮೆರಿಕದ ಸಾಮಾನ್ಯ ಹೋಟೆಲುಗಳಲ್ಲಿ ಒಂದು ಕಪ್ಪಿಗೆ ದುಡ್ಡು ಕೊಟ್ಟರೆ ಎಷ್ಟು ಸಲ ಬೇಕಾದರೂ ಕಾಫಿ ಸುರಿಯುತ್ತಾರೆ. 'ಎಷ್ಟಾದರೂ ತಿನ್ನಿ' ಎಂಬ ಬಫೆ 1940ರ ದಶಕದಲ್ಲಿ ಜೂಜಿನ ಊರಾದ ಲಾಸ್ ವೇಗಸ್‌ನ 'ಎಲ್ ರಾಂಚೊ' ಹೋಟೆಲಿನಲ್ಲಿ ಜನಪ್ರಿಯವಾಯಿತು. ಅಲ್ಲಿನ ತರ್ಕ ಸರಳವಾಗಿತ್ತು. ಊಟದಲ್ಲಿ ಲಾಭ ಬೇಡ, ಗಿರಾಕಿ ಎದ್ದು ಬೇರೆ ಕಡೆ ಹೋಗದೆ ಜೂಜಿನ ಮೇಜಿಗೆ ಮರಳಿದರೆ ಸಾಕು. ನಮ್ಮ ಖಾನಾವಳಿಯ 'ಅನ್‌ಲಿಮಿಟೆಡ್' ರೊಟ್ಟಿಯ ತರ್ಕ ಇದಕ್ಕಿಂತ ಪ್ರಾಮಾಣಿಕವಾದದ್ದು: ಹಸಿದವನು ಹಸಿದು ಏಳಬಾರದು.

ಬೆಳಗಿನ ಮದ್ಯಕ್ಕೆ ಮರ್ಯಾದೆ ಬಂದದ್ದು ಹಣ್ಣಿನ ರಸದಿಂದ. ಕಿತ್ತಳೆ ರಸಕ್ಕೆ ಶಾಂಪೇನ್ ಬೆರೆಸಿದರೆ ಮಿಮೋಸಾ, ಟೊಮ್ಯಾಟೊ ರಸಕ್ಕೆ ವೋಡ್ಕಾ ಬೆರೆಸಿದರೆ ಬ್ಲಡಿ ಮೇರಿ. ಎರಡರ ಹುಟ್ಟುಕತೆಯೂ 1920ರ ದಶಕದ ಪ್ಯಾರಿಸ್ಸಿಗೆ ಕರೆದೊಯ್ಯುತ್ತದೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಅದು ಮುಗಿದ ಮೇಲೆ ಈ ಪಾನೀಯಗಳು ಅಲ್ಲಿನ ಹೋಟೆಲುಗಳಿಗೆ ಬಂದವು. ಆದರೆ ಭಾನುವಾರ ಬೆಳಿಗ್ಗೆ ಮದ್ಯ ಮಾರಬಾರದೆಂಬ ಕಾನೂನು ಹಲವು ರಾಜ್ಯಗಳಲ್ಲಿ ಉಳಿಯಿತು. ನ್ಯೂಯಾರ್ಕ್ ರಾಜ್ಯದ ಹೋಟೆಲುಗಳಲ್ಲಿ ಭಾನುವಾರ ಮಧ್ಯಾಹ್ನ 12ರ ತನಕ ಮದ್ಯ ಕೊಡುವಂತಿರಲಿಲ್ಲ. ಅದು 10 ಗಂಟೆಗೆ ಇಳಿದದ್ದು 2016ರಲ್ಲಿ. ಆ ತಿದ್ದುಪಡಿಗೆ ಜನ ಇಟ್ಟ ಹೆಸರೇ 'ಬ್ರಂಚ್ ಮಸೂದೆ'. ಮರುವರ್ಷ ನಾರ್ತ್ ಕ್ಯಾರೊಲೈನಾದಲ್ಲೂ ಅದೇ ಹೆಸರಿನ ಮಸೂದೆ ಪಾಸಾಯಿತು.

ತಳವಿಲ್ಲದ ಮದ್ಯದ ಮೇಲೆ ನ್ಯೂಯಾರ್ಕಿನಲ್ಲಿ ಇನ್ನೊಂದು ಜಗಳವೂ ನಡೆಯಿತು. ಒಂದೇ ಬೆಲೆಗೆ ಲೆಕ್ಕವಿಲ್ಲದಷ್ಟು ಮದ್ಯ ಕೊಡುವುದನ್ನು ಅಲ್ಲಿನ ಕಾನೂನು ನಿಷೇಧಿಸುತ್ತದೆ. ಹಾಗಾದರೆ ಪ್ರತಿ ವಾರ ಎಲ್ಲರ ಕಣ್ಣೆದುರೇ ನಡೆಯುತ್ತಿರುವುದು ಏನು ಎಂಬ ಪ್ರಶ್ನೆ 2014ರಲ್ಲಿ ಎದ್ದಿತು. ಊಟ ಮುಖ್ಯವಾಗಿದ್ದು ಮದ್ಯ ಅದಕ್ಕೆ ಪೂರಕವಾಗಿದ್ದರೆ ಅಡ್ಡಿಯಿಲ್ಲ, ಆದರೆ ಕುಡಿದು ತೂರಾಡುವವನಿಗೆ ಮತ್ತೆ ಸುರಿಯುವಂತಿಲ್ಲ ಎಂಬರ್ಥದ ವಿವರಣೆಯೊಂದಿಗೆ ಅಬಕಾರಿ ಪ್ರಾಧಿಕಾರ ದಾರಿ ಬಿಟ್ಟಿತು.

ಹೋಟೆಲಿಗೆ ಇದರಿಂದ ನಷ್ಟವಾಗುವುದಿಲ್ಲವೇ? ಲೆಕ್ಕ ಹೀಗಿದೆ. ಮೊಟ್ಟೆ, ಬ್ರೆಡ್ಡು, ಆಲೂಗಡ್ಡೆ ಅಗ್ಗದ ಸಾಮಾನು. ಶಾಂಪೇನಿನ ಜಾಗದಲ್ಲಿ ಅಗ್ಗದ ನೊರೆ ವೈನು, ಅದರಲ್ಲೂ ಅರ್ಧ ಲೋಟ ಕಿತ್ತಳೆ ರಸ. ಕೂರಲು ಒಂದೂವರೆ ಅಥವಾ ಎರಡು ತಾಸಿನ ಮಿತಿ. ಮದುವೆ ಮನೆಯ ಪಂಕ್ತಿಯಂತೆ ಒಂದು ಗುಂಪು ಎದ್ದರೆ ಇನ್ನೊಂದು ಕೂರುತ್ತದೆ. ಮೇಜಿನಲ್ಲಿ ಒಬ್ಬ ಆರು ಲೋಟ ಕುಡಿದರೂ ಪಕ್ಕದವನು ಎರಡಕ್ಕೇ ನಿಲ್ಲಿಸುತ್ತಾನೆ, ಇಬ್ಬರೂ ಕೊಟ್ಟದ್ದು ಒಂದೇ ದುಡ್ಡು. ಇನ್ನೊಂದು ಉಪಾಯವಿದೆ: ಲೋಟ ತುಂಬಿಸುವವನ ಸಂಖ್ಯೆ ಕಡಿಮೆ ಮಾಡುವುದು. ನಾಲ್ಕು ಮೇಜಿಗೆ ಒಬ್ಬನಿದ್ದ ಜಾಗದಲ್ಲಿ ಎಂಟು ಮೇಜಿಗೆ ಒಬ್ಬನಾದರೆ, ಅವನು ಎಷ್ಟೇ ಓಡಿದರೂ ಲೋಟಗಳು ತುಸು ಹೊತ್ತು ಖಾಲಿ ಕೂರುತ್ತವೆ. ಗಿರಾಕಿಯ ಸಿಟ್ಟು ಮಾಲೀಕನ ಮೇಲೆ ಬೀಳುವುದಿಲ್ಲ, ಓಡುವವನ ಮೇಲೆ ಬೀಳುತ್ತದೆ.

ದುಬೈ ಮತ್ತು ಬೆಂಗಳೂರು

ಈ ಊಟ ವಾರದ ರಜೆಯ ಬೆನ್ನು ಹತ್ತಿ ಹೋಗುತ್ತದೆ ಎಂಬುದಕ್ಕೆ ದುಬೈ ಸಾಕ್ಷಿ. ಅಲ್ಲಿ ಶುಕ್ರವಾರ ರಜೆಯಾಗಿದ್ದಾಗ 'ಶುಕ್ರವಾರದ ಬ್ರಂಚ್' ಹೆಸರುವಾಸಿಯಾಗಿತ್ತು. 2022ರ ಜನವರಿಯಿಂದ ಸರ್ಕಾರಿ ವಾರಾಂತ್ಯ ಶನಿವಾರ, ಭಾನುವಾರಕ್ಕೆ ಬದಲಾಗಿ ಶುಕ್ರವಾರ ಅರ್ಧ ದಿನವಾಯಿತು. ಬ್ರಂಚು ಶನಿವಾರಕ್ಕೆ ಹೋಯಿತು. ಆ ಹೋಟೆಲುಗಳ ಅಡುಗೆಮನೆ, ಹಜಾರಗಳಲ್ಲಿ ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯ ಹುಡುಗರೂ ಇದ್ದಾರೆ. ಊರಿಗೆ ಫೋನು ಮಾಡಲು ಅವರಿಗೆ ವಾರಾಂತ್ಯ ಸಿಗುವುದಿಲ್ಲ. ಊರವರ ರಜೆಯೇ ಅವರ ಹೆಚ್ಚಿನ ಕೆಲಸದ ದಿನ.

ಬೆಂಗಳೂರಿನ ಕತೆಯಲ್ಲಿ ಪದಗಳನ್ನು ಗಮನಿಸಬೇಕು. ಪತ್ರಿಕೆಯಲ್ಲಿ ಕೆಲಸ ಮಾಡುವ ನಮಗೆ ಇದು ಮುಖ್ಯ. ಕನ್ನಡ ಪತ್ರಿಕೆಗಳಲ್ಲಿ 'ಲೈವ್ ಬ್ಯಾಂಡ್' ಎಂದರೆ ಅಪರಾಧದ ಸುದ್ದಿ. ಅದರ ಪಕ್ಕ 'ದಾಳಿ', 'ಯುವತಿಯರ ರಕ್ಷಣೆ' ಎಂಬ ಮಾತುಗಳು ತಾವಾಗಿಯೇ ಬರುತ್ತವೆ. 'ಲೈವ್ ಮ್ಯೂಸಿಕ್' ಎಂದರೆ ವಾರಾಂತ್ಯದ ಪುರವಣಿಯ ಸುದ್ದಿ. ಎರಡರಲ್ಲೂ ನಡೆಯುವುದು ಒಂದೇ: ಮದ್ಯ ಕೊಡುವ ಜಾಗದಲ್ಲಿ ಜನ ಹಾಡುತ್ತಾರೆ. ಹಾಡುವವರು ಯಾರು, ಕೇಳುವವರು ಯಾರು ಎಂಬುದು ಮಾತ್ರ ಬೇರೆ.

ಕಾನೂನು ಈ ಭೇದವನ್ನು ಅಷ್ಟಾಗಿ ಮಾಡಲಿಲ್ಲ. ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪೊಲೀಸರಿಂದ ಪರವಾನಗಿ ಕಡ್ಡಾಯ ಮಾಡುವ ಆದೇಶ 2005ರಲ್ಲಿ ಬೆಂಗಳೂರಿಗೆ ಬಂತು. ಲೈವ್ ಬ್ಯಾಂಡ್ ರೆಸ್ಟೋರೆಂಟುಗಳ ಸಂಘ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರ ಜನವರಿಯಲ್ಲಿ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಲ್ಲಿಯವರೆಗೆ ಇದು 'ಆ ಕಡೆಯ' ಬಾರುಗಳ ತಂಟೆ ಎಂದುಕೊಂಡಿದ್ದ ಇಂದಿರಾನಗರ, ಕೋರಮಂಗಲದ ಪಬ್ಬುಗಳಿಗೂ ಅದೇ ವರ್ಷ ಬಿಸಿ ತಟ್ಟಿತು. ಪರವಾನಗಿ ಇಲ್ಲದೆ ಹಾಡಿಸಬಾರದು ಎಂದು ಪೊಲೀಸರು ಹೇಳಿದಾಗ ಗಿಟಾರಿನವರ ವಾರಾಂತ್ಯದ ಕೂಲಿಗೆ ಕತ್ತರಿ ಬಿತ್ತು. ಆಗ ಇಂಗ್ಲಿಷ್ ಪತ್ರಿಕೆಗಳು ನಗರದ ಸಂಸ್ಕೃತಿ ಸತ್ತಿತು ಎಂದು ಬರೆದವು. ಲೈವ್ ಬ್ಯಾಂಡುಗಳು ಮುಚ್ಚಿದಾಗ ಅಲ್ಲಿ ಹಾಡಿ ಮಕ್ಕಳನ್ನು ಸಾಕುತ್ತಿದ್ದ ಹೆಂಗಸರ ಬಗ್ಗೆ ಸಂಸ್ಕೃತಿ ಎಂಬ ಪದವನ್ನು ಯಾರೂ ಅಷ್ಟು ಧಾರಾಳವಾಗಿ ಬಳಸಲಿಲ್ಲ. ಮುಂಬಯಿಯ ಆರ್ಕೆಸ್ಟ್ರಾ ಬಾರುಗಳಲ್ಲಿ ನಾಲ್ಕೇ ಹೆಂಗಸರು, ನಾಲ್ಕೇ ಗಂಡಸರು ಹಾಡಬೇಕೆಂಬ ಷರತ್ತನ್ನು 2022ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಹಾಡುವುದು ಅವರ ಉದ್ಯೋಗದ ಹಕ್ಕು, ಅದನ್ನು ಲಿಂಗದ ಲೆಕ್ಕದಲ್ಲಿ ಮಿತಿಗೊಳಿಸುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಕೂಲಿಯ ದೃಷ್ಟಿಯಿಂದ ನೋಡಿದಾಗ ಬಾರಿನ ಹಾಡುಗಾರ್ತಿಯೂ ಬ್ರಂಚಿನ ಗಿಟಾರಿನವನೂ ಒಂದೇ ಕಸುಬಿನವರು.

ಕೊನೆಗೆ ಉಣ್ಣುವವರು

ತಳವಿಲ್ಲದ ಪಾತ್ರೆ ನಮಗೆ ಹೊಸದಲ್ಲ. ವನವಾಸದಲ್ಲಿ ಪಾಂಡವರಿಗೆ ಸೂರ್ಯ ಕೊಟ್ಟ ಅಕ್ಷಯ ಪಾತ್ರೆಯ ಕತೆ ಎಲ್ಲರಿಗೂ ಗೊತ್ತು. ಎಷ್ಟು ಜನ ಬಂದರೂ ಅದು ಬಡಿಸುತ್ತಿತ್ತು. ಆದರೆ ಅದಕ್ಕೂ ಒಂದು ಷರತ್ತಿತ್ತು. ಬಡಿಸುವ ದ್ರೌಪದಿ ಎಲ್ಲರದೂ ಆದ ಮೇಲೆ ಉಂಡರೆ ಅಂದಿಗೆ ಪಾತ್ರೆ ಖಾಲಿ. ಅಂದರೆ ಪಾತ್ರೆ ತುಂಬಿರುವಷ್ಟು ಹೊತ್ತೂ ಬಡಿಸುವವಳ ಹೊಟ್ಟೆ ಖಾಲಿ.

ಕತೆ ಕಟ್ಟಿದವರಿಗೆ ಅಡುಗೆಮನೆಯ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಭಾನುವಾರದ ಬ್ರಂಚಿಗೆ ಅಡುಗೆಯವರು ಬೆಳಗಿನ ಜಾವವೇ ಬರುತ್ತಾರೆ. ಹಿಂದಿನ ರಾತ್ರಿ ಬಾರು ಮುಚ್ಚಿ, ಮೇಜು ಒರೆಸಿ ಮಲಗಿದವರೇ ಅವರಲ್ಲಿ ಹಲವರು. ಗಿರಾಕಿಗಳೆಲ್ಲ ಎದ್ದ ಮೇಲೆ, ನಾಲ್ಕು ಗಂಟೆಯ ಮೇಲೆ, ಸಿಬ್ಬಂದಿಯ ಊಟ. 2005ರ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದಾಗ ಕಮಾಂಡರ್ಸ್ ಪ್ಯಾಲೆಸ್ ಮತ್ತೆ ಬಾಗಿಲು ತೆರೆಯಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಕಟ್ಟಡವನ್ನು ದುರಸ್ತಿ ಮಾಡಬಹುದು. ಮನೆ ಕಳೆದುಕೊಂಡು ಬೇರೆ ರಾಜ್ಯಗಳಿಗೆ ಚದುರಿಹೋದ ಅಡುಗೆಯವರು, ಬಡಿಸುವವರು, ಊದುವವರು ಮರಳಿ ಬರದೆ ಆ ಊರಿನ ಭಾನುವಾರ ಮರಳುವುದು ಹೇಗೆ?

ಗುಲಾಮರ ಕಾಲದ ಕಾನೂನು ಕೂಡ ಒಂದು ದಿನ ಬಿಡುವು ಕೊಡಬೇಕೆಂದು ಒಪ್ಪಿತ್ತು. ಆ ದಿನದ ಹಾಡನ್ನೂ, ಮಾರುಕಟ್ಟೆಯ ಕೂಲಿಗಳ ನ್ಯಾರಿಯನ್ನೂ ಬ್ರಂಚು ತನ್ನದಾಗಿಸಿಕೊಂಡಿತು. ವಾರಪೂರ್ತಿ ದುಡಿದು ದಣಿದವರು ಭಾನುವಾರ ಒಂದೆಡೆ ಕೂತು ತಿಂದು, ಹಾಡು ಕೇಳಿ ನಗುವುದರಲ್ಲಿ ತಪ್ಪೇನೂ ಇಲ್ಲ. ಆ ಸಂತೋಷವನ್ನು ಹುಡುಕಿಕೊಟ್ಟವರೇ ದುಡಿಯುವವರು. ಹೋದವರು ಹಾಡು ಮುಗಿದಾಗ ಕೈ ತಟ್ಟಲಿ, ಸಪ್ಲಾಯರನ ಹೆಸರು ಕೇಳಲಿ, ಟಿಪ್ಸನ್ನು ಅವನ ಕೈಗೇ ಕೊಡಲಿ. ಅವನಿಗೆ ವಾರದ ರಜೆ ಯಾವತ್ತು ಎಂದೂ ಕೇಳಲಿ. ನಮ್ಮಂಥ ವರದಿಗಾರರು ಕೇಳಬೇಕಾದ ಪ್ರಶ್ನೆಯೂ ಅದೇ. ತಳವಿಲ್ಲದ ಲೋಟದ ಬಗ್ಗೆ ಪುರವಣಿಯಲ್ಲಿ ಸಾಕಷ್ಟು ಬರೆದಾಗಿದೆ, ಅದನ್ನು ತುಂಬಿಸುವ ಕೈಯ ಬಗ್ಗೆ ಬರೆಯುವುದು ಇನ್ನೂ ಬಾಕಿ ಇದೆ.